ಹೆಬ್ಬೆರಳುದ್ದದ ಹತ್ತರಿ

ಆಯುಧಪೂಜೆಯ ಬೆಳಿಗ್ಗೆ ಏಕಾಂತಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ, ಜಗಲಿಯ ಮೇಲಿಟ್ಟಿದ್ದ ಅವನ ಹತ್ತರಿಗೆ ಪಕ್ಕದ ಮನೆಯ ಪುಷ್ಪಮ್ಮ ಪೂಜೆ ಮುಗಿಸಿಬಿಟ್ಟಿದ್ದರು.

ಮರ ಹೆರೆಯುವ ಹತ್ತರಿಯೇ, ಆದರೆ ಮೊಳದುದ್ದದ್ದಲ್ಲ, ಹೆಬ್ಬೆರಳಿನಷ್ಟು. ಹಿತ್ತಾಳೆಯ ಮೈ, ಬೀಟೆಯ ಹಿಡಿ, ಕೆಟ್ಟ ಗಡಿಯಾರದ ಸ್ಪ್ರಿಂಗನ್ನು ಮಸೆದು ಮಾಡಿದ ಅಲಗು. ಭದ್ರಾವತಿಯ ಕಾರ್ಖಾನೆಯೊಂದರ ಮರಗೆಲಸದ ಶೆಡ್ಡಿನಲ್ಲಿ ಏಕಾಂತಪ್ಪ ಹಲಗೆ ಹೊರುವ ಹೆಲ್ಪರು. ತಾನೇ ಮಾಡಿದ ಇದನ್ನು ಇವತ್ತು ಫೋರ್‌ಮನ್ ಷಡಕ್ಷರಪ್ಪನವರು ಮೆಚ್ಚಿದರೆ ಹೊರುವುದು ತಪ್ಪಿ, ಬಡಗಿಯಾಗಿ ಸ್ವಂತದ್ದೊಂದು ಬೆಂಚು ಸಿಗುವುದಿತ್ತು.

“ಗಂಧ ಹಚ್ಚಿದೀನಿ ಕಣಪ್ಪ. ಒಳಗೂ ಒಂಚೂರು ತುಂಬಿದೀನಿ, ಹೊಟ್ಟೆ ತಂಪಾಗಿರ್ಲಿ,” ಎಂದರು ಪುಷ್ಪಮ್ಮ.

ಏಕಾಂತಪ್ಪನ ಹೊಟ್ಟೆ ಕಾದ ಬಾಣಲೆಯಾಯಿತು. ಒರೆಸಿದ, ಊದಿದ, ಕಡ್ಡಿ ಹಾಕಿ ಕೆರೆದ. ಅಲಗು ನೆಟ್ಟಗಿದೆಯೋ ಓರೆಯಾಯಿತೋ, ತಿಳಿಯಲೇ ಇಲ್ಲ.

ಶಿವಮೊಗ್ಗದಿಂದ ಹೊಗೆಯುಗುಳುತ್ತ ಹೊರಟ ರೈಲಿನಲ್ಲಿ ಜೊತೆ ಕೆಲಸಗಾರ ರಂಗಪ್ಪ ಹತ್ತರಿಯನ್ನು ಕಸಿದುಕೊಂಡು, ಥೇಟ್ ಷಡಕ್ಷರಪ್ಪನವರಂತೆ ಮೂಗಿನಲ್ಲೇ ಗುಡುಗಿದ: “ಊಂ... ಚೆಂದಕ್ಕಿದ್ರೆ ಏನ್ ಬಂತಯ್ಯಾ? ಕೆಲ್ಸ ಮಾಡುತ್ತಾ? ಊಂ?”

ಏಕಾಂತಪ್ಪ ಗಾಬರಿಯಲ್ಲಿ ಎದ್ದೇ ನಿಂತ. ಡಬ್ಬಿಗೆ ಡಬ್ಬಿಯೇ ನಕ್ಕಿತು.

“ತಾಳು, ನೋಡೇಬಿಡಾಣ,” ಎಂದು ರಂಗಪ್ಪ ಹೆರೆದು ನೋಡಲು ಜೇಬಿನಿಂದ ಅಡಿಕೆ ತೆಗೆದ.

“ಬೇಡ ಮಾರಾಯ! ಇವತ್ತು ಆಯುಧಕ್ಕೆ ಕೆಲ್ಸ ಹಚ್ಚಬಾರ್ದು. ಅಷ್ಟೂ ಗೊತ್ತಿಲ್ವಾ?”

“ಓಹೋ, ಶಾಸ್ತ್ರಿಗಳು!” ಎಂದ ರಂಗಪ್ಪ ಅಡಿಕೆಯನ್ನು ಇಡಿಯಾಗಿ ಬಾಯಿಗೆಸೆದುಕೊಂಡ.

ಶೆಡ್ಡಿನಲ್ಲಿ ಗರಗಸ, ಉಳಿ, ಬೆಂಚಿನ ಅಂಚು, ಕೊನೆಗೆ ನೀರಿನ ಹಂಡೆಗೂ ಷಡಕ್ಷರಪ್ಪನವರೇ ಸಾಲಾಗಿ ಕುಂಕುಮದ ಬೊಟ್ಟಿಟ್ಟು ಮಂಗಳಾರತಿ ಎತ್ತಿದರು. ಎಲ್ಲರೂ ಮಂಡಕ್ಕಿಗೆ ಮುಗಿಬಿದ್ದರು. ಏಕಾಂತಪ್ಪ ಮಾತ್ರ ಹತ್ತರಿ ಹಿಡಿದು ನಿಂತೇ ಇದ್ದ. ‘ಕೆಲ್ಸ ಮಾಡುತ್ತಾ? ಊಂ?’ ಆ ಮೂಗಿನ ಗುಡುಗು ಕಿವಿಯಲ್ಲೇ ಬಿಡಾರ ಹೂಡಿತ್ತು. ಮೆಲ್ಲಗೆ ಹಿಂದೆ ಸರಿದವನು, ಕಣ್ಣನ್ನು ಬಾಗಿಲ ಮೇಲಿಟ್ಟು, ಹತ್ತರಿಯನ್ನು ಬೆಂಚಿನ ಅಂಚಿನ ಮೇಲಿಟ್ಟು, ಒಂದೇ ಒಂದು ಸಲ ತಳ್ಳಿದ. ಸುಂಯ್! ಬೆಣ್ಣೆಯ ಮೇಲೆ ಜಾರಿದ ಹಾಗೆ. ಹೊರಟುಹೋಗಿದ್ದ ಪ್ರಾಣ ವಾಪಸು ಬಂತು.

ಅಷ್ಟರಲ್ಲೇ ಕರೆಯೂ ಬಂತು.

ಷಡಕ್ಷರಪ್ಪನವರು ಕನ್ನಡಕ ಏರಿಸಿ, ಹತ್ತರಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. “ಊಂ... ಭೇಷ್! ಆ ಕಿಟಕಿ ಪಕ್ಕದ ಬೆಂಚು ಇನ್ಮೇಲೆ...” ಎನ್ನುತ್ತ ಮಗುವಿನ ಕಣ್ಣಿಗೆ ಊದುವಂತೆ ಅದರ ಬಾಯಿಗೆ ಉಫ್ ಎಂದು ಊದಿದರು. ಒಳಗಿಂದ ಮರದ ತೆಳ್ಳನೆಯ ಸುರುಳಿಯೊಂದು ಹಾರಿ ಅವರ ಬಿಳಿ ಜುಬ್ಬದ ಮೇಲೆ ಕೂತಿತು. ಸುರುಳಿಯ ಬೆನ್ನಿನ ಮೇಲೆ ದುಂಡಗೆ, ಕೆಂಪಗೆ, ಅವರೇ ಇಟ್ಟ ಬೊಟ್ಟು.

ಅವರು ಬೆಂಚಿನ ಕಡೆ ತಿರುಗಿದರು. ಸಾಲಿನಲ್ಲಿ ಒಂದು ಬೊಟ್ಟು ಮಾಯ.

“ಪೂಜೆ ಮಾಡಿದ ಬೆಂಚನ್ನೇ ಹೆರೆದ್ಯೇನೋ? ಅದೂ ಇವತ್ತು?” ಈ ಸಲದ ಗುಡುಗು ಮೂಗಿನದಾಗಿರಲಿಲ್ಲ. “ಮುಂದಿನ ಆಯುಧಪೂಜೆ ತನಕ ಹಲಗೆ ಹೊರು, ಹೋಗು!”

ವಾಪಸು ರೈಲಿನಲ್ಲಿ ರಂಗಪ್ಪ ಇನ್ನೊಂದು ಅಡಿಕೆ ತೆಗೆದು, ಬಲು ಸಂಕಟದಿಂದ ಅದನ್ನೇ ನೋಡಿದ.

“ಬೆಳಿಗ್ಗೇನೇ ಕೊಡಬಾರ್ದಿತ್ತಾ ಮಾರಾಯ? ಅಡಿಕೆಗೆ ಯಾರೂ ಕುಂಕುಮ ಇಟ್ಟಿರ್ಲಿಲ್ಲ.”