ನಮ್ಮೂರ ಕೆರೆಯ ಕರಾವಳಿ ರಸ್ತೆ

ಸಮುದ್ರ ಎಲ್ಲಿದೆ ಎಂದು ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟದ್ದೆಲ್ಲ ಸುಳ್ಳು. ಕನಕಪುರದಲ್ಲಿ ಬಸ್ಸು ಹತ್ತಿ, ನಮ್ಮೂರ ಗೇಟಿನಲ್ಲಿಳಿದು, ಒಸಿ ದೂರ ನಡೆದರೆ ಸಿಗುತ್ತದೆ. ನಾನು ಹೇಳುತ್ತಿಲ್ಲ ಸ್ವಾಮಿ, ನಮ್ಮ ಚಿಕ್ಕಪ್ಪ ಹೇಳುವುದು! ವಾದ ಮಾಡುವ ಧೈರ್ಯವಿದ್ದರೆ ನೀವೇ ಹೋಗಿ ಮಾಡಿ, ನನಗಂತೂ ಸಾಕಾಗಿದೆ.

ಎಲ್ಲ ಶುರುವಾದದ್ದು ಟೀವಿಯಿಂದ. ಚಿಕ್ಕಮ್ಮ ಜಗುಲಿಯಿಂದ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಎದ್ದು ಓಡಾಡುವಂತಾದ ಮೇಲೂ, ಗಾಡಿಯಲ್ಲಿ ಕುಲುಕಾಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಊರಿಂದ ಹೊರಗೆ ಹೋಗಲು ಇದ್ದದ್ದು ಕೆರೆ ಏರಿಯ ರಸ್ತೆಯೊಂದೇ. ಕ್ವಾರಿ ಲಾರಿಗಳು ಓಡಾಡಿ ಓಡಾಡಿ ಅದರಲ್ಲಿ ರಸ್ತೆ ಹೋಗಿ ಬರೀ ಗುಂಡಿ ಉಳಿದಿತ್ತು. ಹಾಗಾಗಿ ಚಿಕ್ಕಮ್ಮನಿಗೆ ಟೀವಿಯೇ ಗತಿ. ಒಂದು ಸಂಜೆ ಅದರಲ್ಲಿ ಕರಾವಳಿ ರಸ್ತೆಯ ಜಾಹೀರಾತು ಬಂತು: ಕಡಲ ಪಕ್ಕ ಕಾರಿನಲ್ಲಿ ತೇಲಿ ಬನ್ನಿ! ಆ ರಸ್ತೆಗೆ ಸರ್ಕಾರದ ಅನುದಾನವಂತೆ ಬೇರೆ.

"ಎಷ್ಟ್ ಚೆಂದಾಗೈತೆ," ಎಂದಳು ಚಿಕ್ಕಮ್ಮ. ಅಷ್ಟೇ ಸಾಕಾಯಿತು!

"ಅವರ ಕಡಲಿಗೆ ಮಾತ್ರ ದಡ ಐತಾ? ನಮ್ ಕೆರೆಗಿಲ್ವಾ? ನೀರಿಲ್ವಾ? ಗಾಳಿ ಬೀಸಲ್ವಾ? ನಮ್ಗೂ ಕೊಡ್ಲಿ ದುಡ್ಡ!" ಎಂದು ಚಿಕ್ಕಪ್ಪ ಮರುದಿನವೇ ತಾಲೂಕು ಆಫೀಸಿಗೆ ನುಗ್ಗಿದ. ಜೊತೆಗೆ ಹೋಗಿ ಮಾನ ಕಳೆದುಕೊಂಡವಳು ನಾನು.

"ಯಜಮಾನ್ರೇ, ಕರಾವಳಿ ಅಂದ್ರೆ ಸಮುದ್ರ ಇರ್ಬೇಕು. ನಿಮ್ಮ ಕೆರೇಲಿ ಉಪ್ಪಿದೆಯಾ?" ಎಂದು ಸಾಹೇಬರು ನಕ್ಕರು.

"ಉಪ್ಪ ನಾನು ಮನೆಯಿಂದ ತತ್ತೀನಿ. ರಸ್ತೆ ನೀವು ಆಕ್ಸಿ!"

ಅವರು ಹಾಕಿಸಲಿಲ್ಲ. ಇವನು ಬಿಡುತ್ತಾನೆಯೇ? ಬಸ್ ಸ್ಟ್ಯಾಂಡಿನ ಹತ್ತಿರ ಸುಣ್ಣದಲ್ಲಿ ಬರೆದ ಹಲಗೆ ನಿಲ್ಲಿಸಿದ: 'ಸಮುದ್ರಕ್ಕೆ ದಾರಿ'. ಅದನ್ನು ನಂಬಿ ಬೆಂಗಳೂರಿನ ಹುಡುಗರಿಬ್ಬರು ಬೈಕಿನಲ್ಲಿ ಬಂದು ನೀರು ತುಂಬಿದ ಗುಂಡಿಗೆ ಬಿದ್ದು, ಎದ್ದು, "ಅಂಕಲ್, ಸಮುದ್ರ ಎಲ್ಲಿ?" ಎಂದರು. "ಈಗ ನೀವು ಎದ್ದು ಬಂದ್ರಲ್ಲ, ಅದೇ!" ಎಂದ ಚಿಕ್ಕಪ್ಪ. ಒದ್ದೆ ಬಟ್ಟೆ ಒಣಗಿಸಿ ಅವರಿಗೆ ಕಾಫಿ ಕೊಟ್ಟವಳೂ ನಾನೇ.

ಆಮೇಲೆ ಏರಿಗೆ ಅಡ್ಡ ಹಗ್ಗ ಕಟ್ಟಿ, ಹುಣಸೆ ಮರದಡಿ ಕೂತುಬಿಟ್ಟ. ರಸ್ತೆ ಕೆಡಿಸಿದ ಲಾರಿಯವರೇ ರಸ್ತೆ ಮಾಡಲಿ ಎಂಬುದು ಇವನ ಕಾನೂನು. ಪ್ರತಿ ಲಾರಿಯೂ ಒಂದು ಮಂಕರಿ ಜಲ್ಲಿ ಸುರಿದೇ ಮುಂದೆ ಹೋಗಬೇಕು! ಡ್ರೈವರುಗಳು ಬೈದರು, ಹಾರನ್ ಬಾರಿಸಿದರು, ಕೊನೆಗೆ ಸುರಿದರು. ಇವನು ಅದನ್ನು ಗುಂಡಿಗೆ ತುಂಬಿ, ಮಣ್ಣೆಳೆದು, ಬಡಿದು ಗಟ್ಟಿ ಮಾಡಿದ.

ಇದೂ ಇರಲಿ ಎನ್ನಬಹುದು. ಆದರೆ ನನ್ನನ್ನು ನೋಡಲು ಮಾಗಡಿಯಿಂದ ಬಂದ ಗಂಡಿನ ಕಡೆಯವರ ಕಾರನ್ನೂ ತಡೆಯುವುದೇ?

"ಚಿಕ್ಕಪ್ಪ, ಅವ್ರು ನಮ್ಮ ನೆಂಟ್ರು!" ಎಂದು ಕಿರುಚಿದೆ.

"ನೆಂಟ್ರ ಗಾಡಿಗೇನು ಚಕ್ರ ಇಲ್ವಾ ಅಮ್ಮಿ? ಒಂದೊಂದು ಕಲ್ಲ ಆಕ್ಬುಟ್ಟು ಓಗ್ಲಿ!"

ರೇಷ್ಮೆ ಪಂಚೆಯ ಮಾವನವರು ಕೆಳಗಿಳಿದು, ಗುಂಡಿಗೆ ಕಲ್ಲು ಹಾಕಿ, ಕೈ ಒರೆಸಿಕೊಂಡು ಬಂದು ಉಪ್ಪಿಟ್ಟು ತಿಂದರು. ಮದುವೆ ಹೇಗೆ ಕುದುರಿತೋ ದೇವರೇ ಬಲ್ಲ!

ಮದುವೆಯಾದ ವರ್ಷ ಮಳೆ ಹುಯ್ದು ಕೆರೆ ಕೋಡಿ ಬಿತ್ತು. ಬಾಗಿನ ಬಿಡುವ ದಿನ ಚಿಕ್ಕಪ್ಪ ನಮ್ಮ ಕಾರಿಗೆ ದಿಂಬು ಹಾಸಿ ಚಿಕ್ಕಮ್ಮನನ್ನು ಕೂರಿಸಿದ. ನನ್ನ ಗಂಡ ಓಡಿಸಿದರೆ, ಇವನು ಮುಂದೆ ಮುಂದೆ ನಡೆಯುತ್ತಾ ದಾರಿಯ ಹರಳನ್ನೆಲ್ಲ ಹೆಕ್ಕುತ್ತಿದ್ದ. ಹೊತ್ತಾಗುತ್ತದೆಂದು ಬೈದೆ. ಕೇಳಿಸಿಕೊಂಡರೆ ತಾನೇ? ಆದರೆ ಕಾರು ಒಂದು ಸಲವೂ ಕುಲುಕಲಿಲ್ಲ. ಅದು ನನಗೆ ತಿಳಿದದ್ದು ಏರಿಯ ನಡುವೆ ನಿಂತಾಗಲೇ.

ನೀರು ದಡಕ್ಕೆ ಬಡಿಯುತ್ತಿತ್ತು. ಚಿಕ್ಕಪ್ಪ ಬೊಗಸೆಯಲ್ಲಿ ತಂದ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡ ಚಿಕ್ಕಮ್ಮ ನಕ್ಕಳು: "ಇದ್ಯಾತರ ಸಮುದ್ರ ಕಣಿ, ಉಪ್ಪೇ ಇಲ್ವಲ್ಲ!"

ಅವನು ಜೇಬಿನಿಂದ ಕಲ್ಲುಪ್ಪಿನ ಪೊಟ್ಟಣ ತೆಗೆದ. ನೋವಿರುವವರಿಗೆ ಉಪ್ಪು ನೀವಾಳಿಸಿ ನೀರಿಗೆ ಬಿಡುವುದು ನಮ್ಮ ಕಡೆಯ ರೂಢಿ; ಉಪ್ಪು ಕರಗಿದ ಹಾಗೆ ನೋವೂ ಕರಗಲಿ ಎಂದು. ಜಗಳಗಂಟ ಚಿಕ್ಕಪ್ಪ ಅವಳ ಸೊಂಟಕ್ಕೆ ಉಪ್ಪು ನೀವಾಳಿಸಿ, ಮೆಲ್ಲನೆ ಇಳಿದುಹೋಗಿ ಕೆರೆಗೆ ಬಿಟ್ಟು ಬಂದ.

"ಈಗ ಉಪ್ಪೂ ಆಯ್ತು, ನೋಡ್ಕೊ."

ನನಗೆ ಅಳು ಬಂತು. ಬಾಗಿನಕ್ಕೆ ಜನ ಕಾಯುತ್ತಿದ್ದಾರೆಂದು ನನ್ನ ಗಂಡ ಗಾಡಿ ಸ್ಟಾರ್ಟ್ ಮಾಡಹೊರಟರು.

"ಒಸಿ ತಡೀರಿ ಅಳಿಯಂದ್ರೆ," ಎಂದ ಚಿಕ್ಕಪ್ಪ. "ಅವ್ಳು ಸಮುದ್ರ ನೋಡ್ತಾವ್ಳೆ."