ಮಾ ಇನ್ವೊಹೆಲಿ ದೇವರ ಕೈ

ಎಲ್ಲಕ್ಕೂ ಕಾರಣ ಒಂದು ಒದ್ದೆ ಅಂಗಿ.

ಭಾನುವಾರ ಬೆಳಿಗ್ಗೆ ನಿಕನೋರ್ ತುಯುಬ್ ಸ್ನಾನ ಮುಗಿಸಿ ಬಂದು ನೋಡಿದರೆ, ಅವನಿಗಿದ್ದ ಒಂದೇ ಒಳ್ಳೆಯ ಅಂಗಿ ಹಿತ್ತಲ ಹಗ್ಗದ ಮೇಲೆ ನೀರು ಸೋರಿಸುತ್ತ ನೇತಾಡುತ್ತಿತ್ತು. ಹೆಂಡತಿ ಕಾಂದೆಲಾರಿಯಾ ನಸುಕಿನಲ್ಲೇ ಎದ್ದು ಒಗೆದು ಹಾಕಿದ್ದಳು. ಗಂಡ ಹುಟ್ಟಿದಾರಭ್ಯ ಮೊದಲ ಸಲ ಊರಿನ ಹಳೆಯ ಗುಡಿಗಳನ್ನು ನೋಡಲು ಹೋಗುತ್ತಿದ್ದಾನೆ, ಕೊಳೆ ಅಂಗಿಯಲ್ಲಿ ಹೋಗುವುದು ಬೇಡವೆಂದು ಅವಳ ಪ್ರೀತಿ. ಒಗೆದದ್ದು ಒಣಗಲು ಹೊತ್ತು ಬೇಕೆಂಬುದು ಆ ಪ್ರೀತಿಗೆ ಹೊಳೆದಿರಲಿಲ್ಲ.

"ಹೋಟೆಲ್ ಅಂಗಿ ಹಾಕ್ಕೊಂಡು ಹೋಗಿ. ಬೆಳ್ಳಗಿದೆ, ಚೆನ್ನಾಗಿದೆ. ನಿಮ್ಮನ್ನ ಅಲ್ಲಿ ಯಾರು ನೋಡ್ತಾರೆ?" ಎಂದಳು.

ಹಾಗೆ ಅವನು ಹೋಟೆಲಿನ ಬಿಳಿ ಅಂಗಿ ತೊಟ್ಟ. ಅದರ ಎದೆಯ ಮೇಲೆ ಕಿತ್ತರೂ ಬಾರದಂತೆ ಹೊಲಿದ ಪಟ್ಟಿಯೊಂದಿತ್ತು: 'ನಿಕನೋರ್. ಏನು ಬೇಕಾದರೂ ಕೇಳಿ.'

ನಮ್ಮ ಚಾಕ್‌ತೂನ್ ಕಡಲತೀರದ ತುದಿಯಲ್ಲಿ, ಬಂಡೆಯ ಮೇಲೆ, ನಮ್ಮ ಮಾಯಾ ಜನರ ಪೂರ್ವಜರು ಕಟ್ಟಿದ ಆ ಹಳೆಯ ಗುಡಿಗಳಿವೆ. ಇಪ್ಪತ್ತೆರಡು ವರ್ಷಗಳಿಂದ ದಿನ ಬೆಳಗಾದರೆ ನಿಕನೋರ್ ಅವುಗಳ ಎದುರಿನ ಮರಳಿನಲ್ಲಿ ಹೋಟೆಲಿನ ಕೊಡೆಗಳನ್ನು ಬಿಚ್ಚಿದ್ದಾನೆ, ಸಂಜೆಯಾದರೆ ಮಡಚಿದ್ದಾನೆ. ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಊರಿನವರನ್ನು ಗುರುತಿನ ಚೀಟಿ ನೋಡಿ ಪುಕ್ಕಟೆ ಬಿಡುವುದು ಭಾನುವಾರ ಮಾತ್ರ, ಭಾನುವಾರವೆಂದರೆ ಹೋಟೆಲಿನಲ್ಲಿ ಜನ ಜಾಸ್ತಿ, ರಜೆಯ ಮಾತೇ ಇಲ್ಲ. ಈ ಭಾನುವಾರ ಅವನು ಹಟ ಹಿಡಿದು ರಜೆ ತೆಗೆದುಕೊಂಡಿದ್ದ. ಅದಕ್ಕೆ ಕಾರಣ ಅವನ ಅಪ್ಪ ಸಬೀನೊ.

ಸಬೀನೊ ಗಾರೆ ಕೆಲಸದವನು. ನಲವತ್ತು ವರ್ಷದ ಹಿಂದೆ ಆ ಗುಡಿಗಳನ್ನು ಕಾಡಿನಿಂದ ಬಿಡಿಸಿ ರಿಪೇರಿ ಮಾಡಿದವರಲ್ಲಿ ಅವನೂ ಒಬ್ಬ. ಸಿಮೆಂಟು ಬೇಡವೆಂದು ಜಗಳವಾಡಿ, ಸುಟ್ಟ ಸುಣ್ಣ, ಬಿಳಿ ಮಣ್ಣು, ಮರದ ತೊಗಟೆ ನೆನೆಸಿದ ನೀರು ಸೇರಿಸಿ ಅಜ್ಜಂದಿರ ಗಾರೆಯನ್ನೇ ಕಲಸಿದವನು. ಕೆಲಸ ಮುಗಿದ ದಿನ, ಬಡಗಣ ಗೋಡೆಯ ಕಿಟಕಿಯ ಕೆಳಗೆ, ಹಸಿ ಗಾರೆಗೆ ತನ್ನ ಬಲಗೈ ಒತ್ತಿ ಬಂದಿದ್ದ. ಚಿಕ್ಕಂದಿನಲ್ಲಿ ಮಚ್ಚಿನೇಟಿಗೆ ಅವನ ಉಂಗುರದ ಬೆರಳು ಅರ್ಧ ಹೋಗಿತ್ತು. ಗೋಡೆಯ ಮೇಲಿನ ಕೈಗೂ ಅಷ್ಟೆ, ನಾಲ್ಕೂವರೆ ಬೆರಳು. ಈ ಬೇಸಗೆಯಲ್ಲಿ ಅವನು ತೀರಿಕೊಂಡ. ಸಾಯುವ ಮೊದಲು ಮಗನನ್ನು ಹತ್ತಿರ ಕರೆದು, "ಕೊಡೆ ಬಿಚ್ಚಿದ್ದು ಸಾಕು. ಒಂದಿನ ಹೋಗಿ ನನ್ನ ಕೈ ಮೇಲೆ ನಿನ್ನ ಕೈ ಇಡು. ಆಮೇಲೆ ಅಪ್ಪ ಹೋದ ಅಂತ ಅಳು. ಅಲ್ಲಿವರೆಗೂ ಅಳಬೇಡ," ಎಂದಿದ್ದ.

ನಿಕನೋರ್ ಹೇಳಿದ ಮಾತು ಕೇಳುವ ಮಗ. ನಾಲ್ಕು ತಿಂಗಳಿಂದ ಅಳದೆ ಇದ್ದ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡವನ ಹಾಗೆ ಓಡಾಡುತ್ತಿದ್ದ.

ಆ ಭಾನುವಾರ ಮನೆಯ ಬಾಗಿಲು ದಾಟುವಷ್ಟರಲ್ಲಿ ಪಕ್ಕದ ಮನೆಯ ಉಬಾಲ್ದೊ ಪೋಟ್ ಎದುರಾದ. ಉಬಾಲ್ದೊ ಗೈಡುಗಳ ಸಂಘದ ಮುಖ್ಯಸ್ಥ. ಕೊರಳಲ್ಲಿ ಸೀಟಿ, ತಲೆಯ ಮೇಲೆ ಗರಿಯ ಟೋಪಿ. ನಿಕನೋರನ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನೂ ಅವನೇ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುವುದು. ಗುಡಿಗೆ ಹೊರಟಿದ್ದಾನೆಂದು ತಿಳಿದು ತಾನೇ ತೋರಿಸುತ್ತೇನೆ ಎಂದ. ಒಬ್ಬನೇ ನೋಡಿಕೊಂಡು ಬರುತ್ತೇನೆ ಎಂದು ನಿಕನೋರ್ ಹೇಳಿದ್ದಕ್ಕೆ ಮುಖ ಹುಳ್ಳಗೆ ಮಾಡಿಕೊಂಡ.

"ಗೈಡ್ ಇಲ್ದೆ ಹೋದ್ರೆ ಕಲ್ಲು ಕಾಣುತ್ತೆ ಕೊಂಪಾದ್ರೆ, ಇನ್ನೇನೂ ಕಾಣಲ್ಲ. ಹೋಗೋದಾದ್ರೆ ಬೇಗ ಹೋಗು. ಪುರಾತತ್ವದವರು ಬಂದಿದಾರೆ, ಮೆರಿದಾ ಪಟ್ಟಣದಿಂದ. ಒಬ್ಬ ಮೇಡಂ, ಜೊತೇಲಿ ಉಳಿ ಹಿಡ್ಕೊಂಡ ಮೇಸ್ತ್ರಿ. ಹಳೇ ಕೂಲಿಯೋರು ಬಿಟ್ಟುಹೋಗಿದ್ದನ್ನೆಲ್ಲ ಕೆತ್ತಿ ತೆಗೀತಾರಂತೆ."

ಈ ಸುದ್ದಿಯ ಮೊದಲರ್ಧವನ್ನು ಉಬಾಲ್ದೊ ಕಣ್ಣಾರೆ ಕಂಡಿದ್ದ, ಉಳಿದರ್ಧವನ್ನು ತಾನೇ ಊಹಿಸಿದ್ದ. ನಿಕನೋರ್ ಅದನ್ನೇನು ಬಲ್ಲ? ಅಪ್ಪನ ಕೈಯನ್ನೂ ಕೆತ್ತಿಬಿಡುತ್ತಾರೆಂದು ಓಡುನಡಿಗೆಯಲ್ಲಿ ಹೊರಟುಬಿಟ್ಟ.

ಗೇಟಿನ ಕಾವಲುಗಾರ ಊರಿಗೆ ಹೊಸಬ. ಬಿಳಿ ಅಂಗಿ, ಎದೆಯ ಪಟ್ಟಿ ನೋಡಿ, ಗೈಡುಗಳ ಸಣ್ಣ ಬಾಗಿಲು ತೆರೆದು ಒಳಗೆ ಬಿಟ್ಟ. ಗುರುತಿನ ಚೀಟಿ ಮನೆಯ ಒದ್ದೆ ಅಂಗಿಯ ಜೇಬಿನಲ್ಲೇ ಉಳಿದಿದೆ ಎಂದು ನಿಕನೋರನಿಗೆ ಆಗ ನೆನಪಾಯಿತು. ಕೇಳಲಿಲ್ಲವಲ್ಲ, ಬಚಾವಾದೆ ಎಂದುಕೊಂಡ.

ಹತ್ತು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಒಬ್ಬ ಹೆಂಗಸು ಅಡ್ಡ ಬಂದಳು. ಮಾರಿತ್ ಎಂದು ಹೆಸರು, ಉತ್ತರದ ಯಾವುದೋ ಚಳಿ ದೇಶದವಳು, ಬಿಸಿಲಿಗೆ ಮೂಗು ಸುಲಿದಿತ್ತು. ಗೈಡು ಬೇಡ, ಗುಂಪು ಬೇಡ ಎಂದು ಒಬ್ಬಳೇ ಪುಸ್ತಕ ಹಿಡಿದು ತಿರುಗುವವಳು. ಉಬಾಲ್ದೊನನ್ನು ಎರಡು ಸಲ ಬೇಡವೆಂದು ಕಳಿಸಿದ್ದಳು. ಆದರೆ ಟೋಪಿಯಿಲ್ಲದ, ಸೀಟಿಯಿಲ್ಲದ ಈ ಮನುಷ್ಯನ ಮುಖ ಗೋಡೆಯ ಮೇಲೆ ಕೆತ್ತಿದ ಮುಖಗಳ ಹಾಗೇ ಇತ್ತು. ಮೇಲಾಗಿ, ಏನು ಬೇಕಾದರೂ ಕೇಳಿ ಎಂದು ಎದೆಯ ಮೇಲೆ ಬರೆದುಕೊಂಡಿದ್ದ. ಕೇಳಿದಳು, ಈ ಗುಡಿ ಯಾವ ದೇವರದು ಎಂದು.

"ಮಾ ಇನ್ವೊಹೆಲಿ," ಎಂದು ನಿಕನೋರ್ ನಕ್ಕ.

ನಮ್ಮ ಮಾಯಾ ಭಾಷೆಯಲ್ಲಿ ಇದಕ್ಕೆ 'ನನಗೆ ಗೊತ್ತಿಲ್ಲ' ಎಂದರ್ಥ. ನಿಕನೋರನ ಹೋಟೆಲಿನಲ್ಲಿ ಒಂದು ನಿಯಮವಿತ್ತು: ಅತಿಥಿಯ ಎದುರು 'ಗೊತ್ತಿಲ್ಲ' ಎನ್ನುವ ಮಾತು ಬಾಯಿಂದ ಬರಕೂಡದು. ಸ್ಪ್ಯಾನಿಷಿನಲ್ಲೂ ಕೂಡದು, ಇಂಗ್ಲಿಷಿನಲ್ಲೂ ಕೂಡದು. ಮಾಯಾದಲ್ಲಿ ಕೂಡದು ಎಂದು ಬರೆಯುವುದು ಮಾತ್ರ ಮ್ಯಾನೇಜರಿಗೆ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ನಿಕನೋರ್ ನಗುತ್ತ ಅದನ್ನು ಮಾಯಾದಲ್ಲೇ ಹೇಳುತ್ತ ಬಂದಿದ್ದ, ಅತಿಥಿಗಳು ಅದೇನೋ ಆಶೀರ್ವಾದವೆಂದು ತಿಳಿದು ಸಂತೋಷಪಡುತ್ತಿದ್ದರು.

ಮಾರಿತ್ ಕಣ್ಣರಳಿಸಿ ಬರೆದುಕೊಂಡಳು. ಬಾಗಿಲ ಮೇಲಿನ ದೊಡ್ಡ ಹಲ್ಲಿನ ಮುಖ ಯಾರದು ಎಂದಳು. ಮಾ ಇನ್ವೊಹೆಲಿ. ಆ ಕಟ್ಟೆಯ ಮೇಲೆ ಬಲಿ ಕೊಡುತ್ತಿದ್ದುದು ಯಾರಿಗೆ? ಅದಕ್ಕೂ ಅದೇ. ಊರೆಲ್ಲ ಈ ಒಬ್ಬ ದೇವರದೇ ದರ್ಬಾರು ಎಂದು ಅವಳಿಗೆ ಆನಂದವಾಯಿತು. ಪಕ್ಕದಲ್ಲಿದ್ದ ಮುದುಕ ದಂಪತಿಗಳಿಗೆ ಹೇಳಿದಳು, ಅವರು ಇನ್ನೂ ನಾಲ್ವರಿಗೆ ಹೇಳಿದರು, ಆ ನಾಲ್ವರು ಮತ್ತಷ್ಟು ಜನಕ್ಕೆ ಹೇಳಿದರು.

ನಿಕನೋರ್ ಬಡಗಣ ಗೋಡೆ ಎಲ್ಲಿ ಎಂದು ಹುಡುಕುತ್ತ ಸರಸರನೆ ನಡೆದ. ಹಿಂದೆ ಹದಿನೇಳು ಜನ ಸರಸರನೆ ನಡೆದರು. ಅವನು ಚಪ್ಪಲಿಯ ಬಾರು ಕಟ್ಟಲು ಬಗ್ಗಿದರೆ ಎಲ್ಲರೂ ಬಗ್ಗಿ ನೆಲ ನೋಡಿದರು. ಬಡಗಣ ದಿಕ್ಕು ತಿಳಿಯಲು ಸೂರ್ಯನತ್ತ ತಲೆಯೆತ್ತಿದರೆ ಎಲ್ಲರೂ ಹಣೆಗೆ ಕೈ ಹಚ್ಚಿ ಸೂರ್ಯನನ್ನು ನೋಡಿದರು. ಬಂಡೆಯ ಮೇಲಿದ್ದ ಉಡವೊಂದಕ್ಕೆ, ಹಾದಿ ಬಿಡು ಎಂದು ಅವನು ಗದರಿದ್ದನ್ನೂ ಒಬ್ಬರು ಮೊಬೈಲಿನಲ್ಲಿ ಹಿಡಿದುಕೊಂಡರು. ತಾನು ಗೈಡಲ್ಲ, ದಯವಿಟ್ಟು ಹಿಂದೆ ಬರಬೇಡಿ ಎಂದು ಅವನು ಕೈಮುಗಿದ. ಎಂಥ ವಿನಯ ಎಂದು ಅವರು ಇನ್ನೂ ಹತ್ತಿರ ಬಂದರು.

ಅಷ್ಟರಲ್ಲಿ ಸೀಟಿ ಕೇಳಿಸಿತು. ಉಬಾಲ್ದೊ ಗರಿ ಅಲ್ಲಾಡಿಸುತ್ತ ಓಡಿ ಬಂದಿದ್ದ.

"ಒಬ್ನೇ ನೋಡ್ತೀನಿ ಅಂದೆ. ಇವರೆಲ್ಲ ಯಾರು, ನಿನ್ನ ನೆರಳಾ? ಲೈಸೆನ್ಸ್ ಎಲ್ಲಿ? ಮನೆ ಪಕ್ಕದಲ್ಲೇ ಇದ್ಕೊಂಡು ನನ್ನ ಅನ್ನಕ್ಕೆ ಕೈ ಹಾಕ್ತೀಯಲ್ಲೋ."

ನಿಕನೋರನಿಗೆ ವಾದಿಸುವ ವ್ಯವಧಾನವಿರಲಿಲ್ಲ. ಎದುರಿಗೇ ಬಡಗಣ ಗೋಡೆ ಕಂಡಿತ್ತು. ಕಿಟಕಿಯ ಕೆಳಗೆ ಬಿಳಿ ಟೋಪಿಯ ಹೆಂಗಸೊಬ್ಬಳು ಕುಕ್ಕರಗಾಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಮೇಸ್ತ್ರಿ, ಮೇಸ್ತ್ರಿಯ ಕೈಯಲ್ಲಿ ಉಳಿ. ಅವರಿಬ್ಬರ ನಡುವೆ, ಗೋಡೆಯಲ್ಲಿ, ಅಪ್ಪನ ಕೈ.

ಅವನು ಊಹಿಸಿಕೊಂಡದ್ದಕ್ಕಿಂತ ಅದು ಚಿಕ್ಕದಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಗಾರೆ ಸ್ವಲ್ಪ ಉಬ್ಬಿತ್ತು. ಅಪ್ಪ ಯಾವುದನ್ನೇ ಆಗಲಿ ಗಟ್ಟಿಯಾಗಿ ಒತ್ತುತ್ತಿದ್ದದ್ದೇ ಹಾಗೆ, ರೊಟ್ಟಿಯ ಹಿಟ್ಟನ್ನೂ, ಮಗನ ಹೆಗಲನ್ನೂ. ನಿಕನೋರನ ಬಲಗೈ ತಾನಾಗಿಯೇ ಮೇಲೆದ್ದಿತು.

"ಮುಟ್ಬೇಡಿ," ಎಂದಳು ಪುರಾತತ್ವದ ಆ ಅಧಿಕಾರಿಣಿ. ದನಿ ಒರಟಾಗಿರಲಿಲ್ಲ. ಅವನ ಮುಖ, ಎದೆಯ ಪಟ್ಟಿ, ಹಿಂದೆ ನಿಂತ ಜನ ಎಲ್ಲವನ್ನೂ ನೋಡಿ ಎದ್ದು ನಿಂತಳು. "ನೀವು ಇಲ್ಲಿಯೋರೇ ಅಲ್ವಾ? ಒಂದು ವಿಷಯ ಕೇಳ್ಬೇಕಿತ್ತು. ಇದು ಯಾರ ಕೈ, ನಿಮಗೆ ಗೊತ್ತಾ?"

ನಿಕನೋರ್ ಬಾಯಿ ತೆರೆದ. ನಮ್ಮಪ್ಪನದು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಉಳಿ ಕಂಡಿತು. ಅಪ್ಪನದು ಎಂದರೆ ಕೂಲಿಯವನದು ಎಂದಂತೆ, ಕೂಲಿಯವನದು ಎಂದರೆ ಕೆತ್ತಿಹಾಕಿ ಎಂದಂತೆ. ಅವನು ಅಪ್ಪನ ಕೈಯನ್ನೇ ನೋಡುತ್ತ, ಈ ಸಲ ನಗದೆ, ಮೆಲ್ಲಗೆ ಹೇಳಿದ.

"ಮಾ ಇನ್ವೊಹೆಲಿ."

ಹದಿನೇಳು ಜನರ ಬಾಯಿಂದಲೂ ಒಟ್ಟಿಗೆ ಉಸಿರು ಹೊರಟಿತು. ಮಾರಿತ್ ಪುಸ್ತಕ ತೆರೆದು ತೋರಿಸಿದಳು: ದೊಡ್ಡ ಗುಡಿ ಅವನದು, ಹಲ್ಲಿನ ಮುಖ ಅವನದು, ಬಲಿಯ ಕಟ್ಟೆ ಅವನದು, ಈಗ ಕೈಯೂ ಅವನದೇ. ಅಧಿಕಾರಿಣಿಗೆ ಮಾಯಾ ಬರುತ್ತಿರಲಿಲ್ಲ. ಗರಿಯ ಟೋಪಿಯವನತ್ತ ತಿರುಗಿ, ಹಾಗೆಂದರೇನು ಎಂದು ಕೇಳಿದಳು.

ಉಬಾಲ್ದೊಗೆ ಮಾಯಾ ತಾಯಿಯ ಹಾಲಿನ ಜೊತೆಗೇ ಬಂದದ್ದು. ಸಬೀನೊನ ಅರ್ಧ ಬೆರಳೂ ಗೊತ್ತು, ಆ ಕೈಯಿಂದ ಬೇಲಿಯಾಚೆ ಕಿತ್ತಳೆ ಇಸಿದುಕೊಂಡು ಬೆಳೆದವನು ಅವನು. ಆದರೂ ಹದಿನೈದು ವರ್ಷದಿಂದ ಇದೇ ಗೋಡೆಯ ಮುಂದೆ ನಿಂತು, ಒಬ್ಬ ಮಹಾರಾಜ ದೇವರಿಗೆ ಬೆರಳು ಕತ್ತರಿಸಿ ಕೊಟ್ಟ ಕಥೆ ಹೇಳುತ್ತಿದ್ದ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದುದು ಆ ಕಥೆಗೇ. ಅವನು ಟೋಪಿ ಸರಿಮಾಡಿಕೊಂಡು, ಅದು ನಮ್ಮ ಅತಿ ಹಳೆಯ ದೇವರ ಹೆಸರು, ಮಹಾರಾಜ ಬೆರಳು ಕೊಟ್ಟದ್ದು ಆ ದೇವರಿಗೇ ಎಂದುಬಿಟ್ಟ.

ಅಪ್ಪನ ಕೈ ಉಳಿಯಿತು ಎಂದು ನಿಕನೋರನಿಗೆ ಹೋದ ಜೀವ ಬಂದಂತಾಯಿತು. ಮೊದಲ ಸಲ ಉಬಾಲ್ದೊನನ್ನು ತಬ್ಬಿಕೊಳ್ಳಬೇಕೆನಿಸಿತು.

ಅಧಿಕಾರಿಣಿ ನಿಟ್ಟುಸಿರು ಬಿಟ್ಟು, ಕೈಚೀಲದಿಂದ ಹಳದಿಯಾದ ಕಾಗದವೊಂದನ್ನು ತೆಗೆದಳು.

"ಸದ್ಯ, ನೀವು ಸಿಕ್ಕಿದ್ರಿ. ಇಲ್ದಿದ್ರೆ ದೊಡ್ಡ ತಪ್ಪಾಗ್ತಿತ್ತು. ನಲವತ್ತು ವರ್ಷದ ಹಿಂದಿನ ಎಂಜಿನಿಯರ್ ಒಬ್ಬರ ಡೈರಿ ಹಾಳೆ ಇದು. ಈ ಗಾರೆ ಮಾಡಿದೋನಂಥ ಕೆಲಸಗಾರನ್ನ ನಾನು ನೋಡೇ ಇಲ್ಲ, ನಾನೇ ಹೇಳಿ ಅವನ ಕೈ ಒತ್ತಿಸಿದೆ ಅಂತ ಬರೆದಿದಾರೆ. ಯಾವ ಗೋಡೆ ಮೇಲೆ ಅಂತ ಬರೆದಿಲ್ಲ, ಇದೇ ಇರ್ಬೇಕು ಅಂದ್ಕೊಂಡಿದ್ವಿ. ಆ ಕೆಲಸಗಾರನ ಹೆಸರಲ್ಲಿ ಫಲಕ ಹಾಕೋಣ ಅಂತ ಮಾಡಿಸ್ಕೊಂಡೇ ಬಂದಿದ್ವಿ."

ಅವಳು ಸನ್ನೆ ಮಾಡಿದಳು. ಮೇಸ್ತ್ರಿ ಗೋಣಿಚೀಲದಿಂದ ಹಿತ್ತಾಳೆಯ ಹಲಗೆಯೊಂದನ್ನು ಅರ್ಧ ಹೊರಗೆಳೆದ. ಉಳಿ ತಂದದ್ದು ಅದನ್ನು ಕೂರಿಸಲು ತೂತು ಕೊರೆಯುವುದಕ್ಕೆ. ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿತ್ತು: ಸಬೀನೊ ತುಯುಬ್, ಗಾರೆಯ ಮೇಸ್ತ್ರಿ.

"ಮನೆಯೋರನ್ನ ಹುಡುಕಿಸಿ, ಅವನ ಮಗ ಇದ್ರೆ ಮೊದಲು ಅವನ ಕೈಲೇ ಗೋಡೆ ಮೇಲಿನ ಈ ಅಚ್ಚನ್ನ ಮುಟ್ಟಿಸ್ಬೇಕು ಅಂತಿದ್ದೆ. ದೇವರ ಕೈ ಅಂದ್ಮೇಲೆ ಯಾರೂ ಮುಟ್ಟೋ ಹಾಗಿಲ್ಲ. ಗಾಜು ಹಾಕಿಸ್ಬೇಕು." ಅವಳು ಡೈರಿಯ ಹಾಳೆಯನ್ನು ಮಡಚಿದಳು.

"ಮೇಡಂ," ಎಂದ ನಿಕನೋರ್. "ಮೇಡಂ, ನಾನೇ ಆ ಮಗ. ಸಬೀನೊ ನಮ್ಮಪ್ಪ. ಇದು ನಮ್ಮಪ್ಪನ ಕೈ."

ಅವಳು ಬೇಸರದಿಂದ ನಕ್ಕಳು. ಹಿತ್ತಾಳೆ ಕಂಡ ಕೂಡಲೇ ಮಗ ಹುಟ್ಟಿಕೊಳ್ಳುವುದನ್ನು ಬೇರೆ ಊರುಗಳಲ್ಲೂ ಕಂಡಿದ್ದಳು. ಗುರುತಿನ ಚೀಟಿ ಕೇಳಿದಳು. ಅದು ಒದ್ದೆ ಅಂಗಿಯ ಜೇಬಿನಲ್ಲಿತ್ತು. ಎದೆಯ ಪಟ್ಟಿಯಲ್ಲಿ ನಿಕನೋರ್ ಎಂದಷ್ಟೇ ಇತ್ತು, ತುಯುಬ್ ಎಂದು ಹೋಟೆಲಿನವರು ಹೊಲಿಸಿರಲಿಲ್ಲ. ನಿಕನೋರ್ ತಡವರಿಸಿ ಉಬಾಲ್ದೊನನ್ನು ತೋರಿಸಿದ. ಇವನು ನನ್ನ ಪಕ್ಕದ ಮನೆಯವನು, ನನ್ನ ಮಗಳಿಗೆ ಜ್ಞಾನಸ್ನಾನದ ತಂದೆ, ಇವನನ್ನೇ ಕೇಳಿ ಎಂದ.

ಅಧಿಕಾರಿಣಿ ಕೇಳಿದಳು. "ಇವರು ಸಬೀನೊ ತುಯುಬ್ ಮಗನಾ?"

ಉಬಾಲ್ದೊ ಹಿತ್ತಾಳೆಯನ್ನು ನೋಡಿದ. ತನ್ನ ಬಾಯಿಯನ್ನೇ ಕಾದು ನಿಂತ ಹದಿನೇಳು ಮುಖಗಳನ್ನು ನೋಡಿದ. ಗೋಡೆಯ ಮೇಲಿನ ಅರ್ಧ ಬೆರಳನ್ನೂ ಒಮ್ಮೆ ನೋಡಿದ. ನಿಕನೋರನನ್ನು ಮಾತ್ರ ನೋಡಲಿಲ್ಲ. ಟೋಪಿ ತೆಗೆದು, ತಲೆ ತಗ್ಗಿಸಿ, ತುಂಬ ಮೆಲ್ಲಗೆ ಹೇಳಿದ.

"ಮಾ ಇನ್ವೊಹೆಲಿ."

ದೇವರ ಹೆಸರು ಕಿವಿಗೆ ಬಿದ್ದದ್ದೇ ಮಾರಿತ್ ತನ್ನ ಟೋಪಿಯನ್ನೂ ತೆಗೆದಳು. ಅವಳನ್ನು ನೋಡಿ ಉಳಿದವರೂ ತೆಗೆದರು, ಕೊನೆಗೆ ಮೇಸ್ತ್ರಿಯೂ ತೆಗೆದ. ಎಲ್ಲರೂ ಗೋಡೆಗೆ ತಲೆಬಾಗಿ ನಿಂತರು. ನಿಕನೋರನ ಬಲಗೈ ಮತ್ತೆ ಮೇಲೆದ್ದು, ಆ ಕೈಗೆ ಒಂದು ಗೇಣಿನ ದೂರದಲ್ಲಿ ಗಾಳಿಯಲ್ಲೇ ಉಳಿಯಿತು. ಅಪ್ಪ ಹೇಳಿಕೊಟ್ಟ ಕ್ರಮ ಅವನಿಂದ ತಪ್ಪಿಹೋಯಿತು. ಕೈ ಇಡುವ ಮೊದಲೇ ಅಳು ಬಂದುಬಿಟ್ಟಿತು.