ಸ್ಕ್ರೂ ಹಲ್ಲು, ಸ್ವಂತ ವಸಡು

ಪುಕ್ಕಟೆ ಬಂದ ಹಲ್ಲಿಗೆ ಮನುಷ್ಯ ಮರ್ಯಾದೆ ಕೊಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ರೊಕ್ಕ ಕೊಟ್ಟು ಕೂಡಿಸಿಕೊಂಡ ಹಲ್ಲಿಗೂ ಕೊಡುವುದಿಲ್ಲ ಎಂಬುದನ್ನು ನಾನು ಕಂಡುಹಿಡಿದಿದ್ದೇನೆ. ಅರವತ್ಮೂರು ವರ್ಷದಲ್ಲಿ ನಾನು ಮಾಡಿದ ಶೋಧ ಇದೊಂದೇ.

ಎಡ ದವಡೆಯ ಎರಡು ಹಲ್ಲು ಹೋದ ಮೇಲೆ ಹುಬ್ಬಳ್ಳಿಗೆ ಹೋಗಿ ಇಂಪ್ಲಾಂಟ್ ಹಾಕಿಸಿಕೊಂಡೆ. ದವಡೆಯ ಎಲುಬಿಗೆ ಸ್ಕ್ರೂ ತಿರುಗಿಸಿ ಅದರ ಮೇಲೆ ಹಲ್ಲು ಕೂಡಿಸುತ್ತಾರೆ. ಮುಂಡಗೋಡದ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು. ಸ್ಕ್ರೂ ಅಂದರೆ ನಮ್ಮ ಬಳಗದ್ದೇ. ಡಾಕ್ಟರು, ನನ್ನ ಮಗಳ ವಯಸ್ಸಿನಾಕೆ, ಬಿಡಿಸಿ ಹೇಳಿದರು: "ಕಾಕಾ, ಈ ಹಲ್ಲಿಗೆ ಹುಳುಕು ಹತ್ತಂಗಿಲ್ಲ. ಆದ್ರ ವಸಡು ನಿಮ್ಮದ ಐತಲ್ಲ, ಅದಕ್ಕ ರೋಗ ಬರತೈತಿ. ಸುತ್ತ ಹೊಲಸು ಕುಂತ್ರ ವಸಡು ಬಾತು, ಎಲುಬು ಕರಗಿ, ಸ್ಕ್ರೂ ಅಳ್ಳಾಡತೈತಿ. ದಿನಾ ಎರಡ ಸಲ ತಿಕ್ಕ್ರಿ, ಈ ಸಣ್ಣ ಬ್ರಷ್ ಸಂದ್ಯಾಗ ಆಡಿಸ್ರಿ, ಆರು ತಿಂಗಳಿಗೊಮ್ಮೆ ಬಂದು ತೋರಿಸ್ರಿ. ರಕ್ತ ಕಂಡ್ರ ಅವತ್ತ ಬರ್ರಿ." ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ.

ಸ್ವಚ್ಛ ಮಾಡಿದ ದಿನ ಗುರುತು ಹಾಕಲು ಕಾರ್ಡುಗಳನ್ನೂ ಕೊಟ್ಟರು. ತಿಂಗಳಿಗೊಂದು ಕಾರ್ಡು, ದಿನಕ್ಕೊಂದು ಮನೆ. ಇಲ್ಲೇ ನನ್ನ ನಸೀಬು ಕೆಟ್ಟದ್ದು. ಗಿರಣಿಯ ಗೋಡೆಗೂ ಇಂಥದ್ದೇ ಒಂದು ಕಾರ್ಡು ತೂಗುತ್ತಿತ್ತು, ಬೇರಿಂಗಿಗೆ ಗ್ರೀಸ್ ಹಾಕಿದ್ದಕ್ಕೆ. ಗ್ರೀಸ್ ಮೆತ್ತಿದ ಕೈಯಲ್ಲಿ ಪೆನ್ನು ಹಿಡಿಯುವುದು ಹೆಂಗ, ಹೇಳ್ರಿ? ಅದಕ್ಕೇ ಸೋಮವಾರ ಮುಂಜಾನೆ, ಕೈ ಸ್ವಚ್ಛ ಇದ್ದಾಗಲೇ, ಇಡೀ ವಾರದ ಗುರುತು ಹಾಕಿಬಿಡುತ್ತಿದ್ದೆ. ಗ್ರೀಸ್ ಆಮೇಲೆ ಹಾಕುತ್ತಿದ್ದೆ. ಬಹುಶಃ ಹಾಕುತ್ತಿದ್ದೆ. ಹಲ್ಲಿಗೂ ಅದೇ ಪದ್ಧತಿ ನಡೆಸಿದೆ. ಒಂದನೇ ತಾರೀಖು ಕೂತು ತಿಂಗಳಿಡೀ ತುಂಬಿದರೆ ಎಂಥ ಸಮಾಧಾನ ಅಂತೀರಿ! ಸಣ್ಣ ಬ್ರಷ್ ಪಾಕೀಟಿನಲ್ಲೇ ಉಳಿಯಿತು.

ಕನ್ನಡಿಯ ಪಕ್ಕ ಸಿಕ್ಕಿಸಿದ ಆ ಕಾರ್ಡನ್ನು ನನ್ನ ಹೆಂಡತಿ, ನಮ್ಮಾಕಿ, ನಂಬಿದಳು. ತಾರೀಖು ನೋಡಲಿಲ್ಲ, ಗುರುತು ನೋಡಿದಳು. "ನಮ್ಮವ್ರು ಹಿಡಿದ್ರ ಬಿಡೂ ಪೈಕಿ ಅಲ್ಲ" ಎಂದು ಓಣಿಯವರ ಮುಂದೆಲ್ಲ ಹೇಳಿಕೊಂಡಳು. ವಸಡಿನಲ್ಲಿ ರಕ್ತ ಕಂಡಾಗ ಖಡಕ್ ರೊಟ್ಟಿ ಚುಚ್ಚಿತು ಅಂದೆ. ಬಾಯಿ ನಾರಿದಾಗ ಉಳ್ಳಾಗಡ್ಡಿಯ ಮೇಲೆ ಹಾಕಿದೆ. ಆರು ತಿಂಗಳಿಗೊಮ್ಮೆ ತೋರಿಸುವ ಮಾತು ಬಂದರೆ, ನೋವೇ ಇಲ್ಲ, ಬಸ್ ಚಾರ್ಜ್ ಯಾಕ ದಂಡ ಅಂದೆ. ಕಡೆಗೆ ಒಂದು ಹಲ್ಲು ಅಳ್ಳಾಡತೊಡಗಿದಾಗ ಇಬ್ಬರೂ ಹುಬ್ಬಳ್ಳಿ ಬಸ್ಸು ಹತ್ತಿದೆವು.

ಡಾಕ್ಟರು ವಸಡು ಒತ್ತಿದರು, ಕೀವು ಬಂತು. "ಕಾಕಾ, ದಿನಾ ಸ್ವಚ್ಛ ಮಾಡೀರೇನು?" ಬಾಯಿ ತೆರೆದು ಮಲಗಿದ್ದರಿಂದ ಸುಳ್ಳು ಹೇಳಲು ನನಗೆ ಆಗುವಂತಿರಲಿಲ್ಲ. ಖರೇ ಎಂದೇ ತಿಳಿದು ನಮ್ಮಾಕಿ ಹೇಳಿದಳು: "ಒಂದ ದಿನಾನೂ ತಪ್ಪಿಸಿಲ್ರಿ ಮೇಡಂ. ಬೇಕಾದ್ರ ನೋಡ್ರಿ." ಚೀಲದಿಂದ ಕಾರ್ಡು ತೆಗೆದು, ಅಭಿಮಾನದಿಂದ ಕೊಟ್ಟಳು.

ಡಾಕ್ಟರು ಕಾರ್ಡು ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು. "ಕಾಕು, ಇವತ್ತ ಹನ್ನೆರಡು. ಕಾಕಾ ಮೂವತ್ತರ ತನಕ ತಿಕ್ಕಿ ಕುಂತಾರಲ್ರಿ?"

ನರ್ಸು ನಕ್ಕಳು. ನಮ್ಮಾಕಿ ನಗಲಿಲ್ಲ. ಕಾರ್ಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಒಂದು ಸ್ಕ್ರೂ ಕಿತ್ತೇಬಿಟ್ಟರು. ಇನ್ನೊಂದು ಉಳಿಯಬೇಕಾದರೆ ವಸಡು ಕಾಯಬೇಕು, ಇನ್ನೂ ತಡ ಮಾಡಿದರೆ ಅದೂ ಹೋಗುತ್ತದೆ ಎಂದರು. ಮರಳಿ ಬರುವಾಗ ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: "ನಾಕು ಮಂದಿ ಮುಂದ ನನ್ನ ಬಾಯಿಲೆ ಸುಳ್ಳು ಹೇಳಿಸಿದ್ರಿ."

ಈಗ ಎರಡು ಹೊತ್ತೂ ತಿಕ್ಕುತ್ತೇನೆ. ಸಣ್ಣ ಬ್ರಷ್ ಸಂದಿಯಲ್ಲಿ ಆಡಿಸುತ್ತೇನೆ. ವಸಡು ಗುಲಾಬಿ ಬಣ್ಣಕ್ಕೆ ಬಂದಿದೆ, ರಕ್ತ ನಿಂತಿದೆ. ಆದರೂ ಬಚ್ಚಲಿನಿಂದ ಹೊರಗೆ ಬಂದು "ತಿಕ್ಕೇನಿ" ಅಂದರೆ ಸಾಕು, ನಮ್ಮಾಕಿ ಕನ್ನಡಕ ಏರಿಸಿ, "ಬಾಯಿ ತೆಗೀರಿ" ಅಂತಾಳೆ. ದನದ ಸಂತೆಯಲ್ಲಿ ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡುತ್ತಾರಲ್ಲ, ಹಾಗೆ. ಎತ್ತಿಗೆ ಜನ್ಮದಲ್ಲಿ ಒಂದೋ ಎರಡೋ ಸಲ. ನನಗೆ ದಿನಾ ಎರಡು ಸಲ. ಮೂವತ್ತೆಂಟು ವರ್ಷ ನಾನು ಹೇಳಿದ್ದಕ್ಕೆಲ್ಲ ಹೂಂ ಅಂದವಳು ಅವಳು. ಹಲ್ಲು ಹೋದದ್ದಕ್ಕಿಂತ ಆ ಹೂಂ ಹೋದದ್ದು ಜಾಸ್ತಿ ನೋಯುತ್ತದೆ. ದೇವರಾಣೆ ಮಾಡಿ ಹೇಳ್ತೇನಿ, ಇವತ್ತೂ ತಿಕ್ಕಿದ್ದೇನೆ. ನೀವಾದರೂ ನಂಬ್ರಿ.